ಮಾವನ ಡೈರಿ, ಐದಕ್ಕೊಂದು ಉಪ್ಪು

ನನ್ನ ಸೋದರಮಾವ ಹೋಗಿ ಈ ಮಾರ್ಚ್‌ಗೆ ಮೂರು ವರ್ಷ ಆಯಿತು. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಚ್ಚುವ ರೂಢಿ ಇಲ್ಲ. ಹಾಗಾಗಿ ಇಲ್ಲೂ ಮಾವ ಬಂದ, ಮಾವ ಹೇಳಿದ ಅಂತಲೇ ಬರೆಯುತ್ತೇನೆ. 'ಬಂದರು' ಅಂದರೆ ಬೇರೆ ಯಾರೋ ಬಂದ ಹಾಗೆ ಅನ್ನಿಸುತ್ತದೆ ನನಗೆ.

ಊರು ಸಾಗರದ ಹತ್ತಿರ. ನಾನು ಮದುವೆಯಾಗಿ ಬೆಂಗಳೂರಿಗೆ ಬಂದಾಗಿನಿಂದ ಪ್ರತಿ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಮಾವನಿಂದ ಒಂದು ಡಬ್ಬ ಬರುತ್ತಿತ್ತು. ರಾತ್ರಿ ಬಸ್ಸಿಗೆ ಬರುವ ಊರಿನವರು ಯಾರಾದರೂ ಸರಿ, ಅವರ ಕೈಗೆ ಕೊಟ್ಟು ಕಳಿಸುತ್ತಿದ್ದ. ಡಬ್ಬದ ಬಾಯಿಗೆ ಹಳೇ ಪಂಚೆಯ ಬಟ್ಟೆ ಕಟ್ಟಿ, ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಮತ್ತೆ ಸುತ್ತಲೂ ಹಗ್ಗ. ಬಿಚ್ಚುವುದಕ್ಕೇ ಹತ್ತು ನಿಮಿಷ ಬೇಕು. ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿ. ಅಪ್ಪೆಮಿಡಿ ಅಂದರೆ ನಮ್ಮ ಕಡೆಯ ಪರಿಮಳದ ಎಳೆ ಮಾವಿನಕಾಯಿ. ಆವತ್ತು ರಾತ್ರಿ ನಮ್ಮ ಮನೆಯಲ್ಲಿ ಸಾರು ಪಲ್ಯ ಏನೂ ಇಲ್ಲ, ಮೊಸರನ್ನ ಮತ್ತು ಮಿಡಿ, ಅಷ್ಟೇ. ಮಕ್ಕಳು ತೊಟ್ಟು ಹಿಡಿದು ಚೀಪುತ್ತಾ ಕೂರುತ್ತಿದ್ದರು.

ಮಾವ ತೀರಿಕೊಂಡಿದ್ದು ಮಿಡಿ ಕೊಯ್ಯುವ ಸಮಯದಲ್ಲೇ. ಆ ವರ್ಷ ಯಾರೂ ಮರ ಹತ್ತಲಿಲ್ಲ. ಹದಿಮೂರನೇ ದಿನದ ಊಟ ಮುಗಿಸಿ ಹೊರಡುವಾಗ ಅತ್ತೆ ಒಂದು ಪುಟ್ಟ ಡೈರಿ ತಂದು ಕೈಗಿಟ್ಟಳು. ಅಡಿಕೆ ಸೊಸೈಟಿಯಲ್ಲಿ ಕೊಡುತ್ತಾರಲ್ಲ, ಜೇಬಿಗೆ ಹಿಡಿಯುವಂಥದ್ದು. "ಇದು ನಿನಗೇ ಇರಲಿ, ನಂಗೆ ಓದಲಿಕ್ಕೆ ಕನ್ನಡಕ ಬೇಕು" ಅಂದಳು. ನಾನು ಅದನ್ನು ಬ್ಯಾಗಿಗೆ ಹಾಕಿಕೊಂಡವಳು ಎಷ್ಟೋ ದಿನ ತೆಗೆಯಲಿಲ್ಲ. ತೆಗೆಯುವ ಧೈರ್ಯ ಇರಲಿಲ್ಲ.

ತೆಗೆದಾಗ ನೋಡಿದರೆ ಅದರಲ್ಲಿ ಕಥೆ ಕವನ ಏನೂ ಇಲ್ಲ. ವರ್ಷಕ್ಕೊಂದು ಪುಟ, ಮಿಡಿಯ ಲೆಕ್ಕ. ಯಾವ ಮರದಲ್ಲಿ ಎಷ್ಟು, ಯಾರಿಗೆ ಎಷ್ಟು ಅಂತ. 'ಬಾವಿಕಟ್ಟೆ ಅಪ್ಪೆ 750. ಬೆಂಗಳೂರು 200. ಶಿವಮೊಗ್ಗ 150. ಮನೆಗೆ 400.' ಹೀಗೆ. ಎಲ್ಲ ವರ್ಷವೂ ಬೆಂಗಳೂರು 200. ಬೆಂಗಳೂರು ಅಂದರೆ ನಾನು. ಒಂದು ಪುಟದಲ್ಲಿ ಮಾತ್ರ ಹೀಗಿತ್ತು: 'ಮಂಜಿಗೆ ಹೂ ಪೂರ್ತಿ ಹೋಯಿತು. ಒಟ್ಟು 260. ಬೆಂಗಳೂರು 200. ಮನೆಗೆ 60.'

ಆ ವರ್ಷ ನನಗೆ ಚೆನ್ನಾಗಿ ನೆನಪಿದೆ. ಡಬ್ಬ ಬಂದ ವಾರದಲ್ಲೇ ಅರ್ಧ ಉಪ್ಪಿನಕಾಯಿ ಆಫೀಸಿನವರಿಗೆ ಹಂಚಿದ್ದೆ. "ನಮ್ಮ ಮಾವ ಕಳಿಸ್ತಾನೆ, ಎಷ್ಟು ಬೇಕಾದರೂ ಇದೆ" ಅಂದಿದ್ದೆ. ಡೈರಿ ಓದಿದ ದಿನ ಅದನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ತುಂಬಾ ಹೊತ್ತು ಅತ್ತುಬಿಟ್ಟೆ. ಮಾವ ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ಆಮೇಲೆ ತೀರ್ಮಾನ ಮಾಡಿದೆ, ಇನ್ನು ಮೇಲೆ ಮಿಡಿ ನಾನೇ ಹಾಕುವುದು ಅಂತ.

ಮೊದಲ ವರ್ಷ ಪೂರ್ತಿ ಹಾಳಾಯಿತು. ಅದನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಇಲ್ಲೇ ಅಂಗಡಿಯೊಂದರಲ್ಲಿ ಮಿಡಿ ಸಿಕ್ಕಿತು, 2 ಕೆ.ಜಿ. ತಂದೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಅರ್ಧಕ್ಕೆ ತೊಟ್ಟೇ ಇರಲಿಲ್ಲ. ಮರ ಅಲ್ಲಾಡಿಸಿ ಕೆಡವಿದ ಮಿಡಿ ಇರಬೇಕು. ನೆಲಕ್ಕೆ ಬಿದ್ದ ಮಿಡಿಗೆ ಒಳಗೆ ಪೆಟ್ಟು ಬಿದ್ದಿರುತ್ತದೆ, ಹೊರಗೆ ಕಾಣುವುದಿಲ್ಲ. ತೊಟ್ಟು ಹೋದರೆ ಸೊನೆಯೂ, ಅಂದರೆ ತೊಟ್ಟಿನ ಅಂಟು ರಸವೂ, ಹೋಯಿತು. ಅಪ್ಪೆಮಿಡಿಯ ಪರಿಮಳ ಇರುವುದೇ ಸೊನೆಯಲ್ಲಿ. ಸಾಲದ್ದಕ್ಕೆ ನಾನು ಪುಡಿ ಉಪ್ಪು ಹಾಕಿದೆ, ಅದೂ ಜಾಸ್ತಿ ಬೇಡ ಅಂತ ಕೈ ಹಿಡಿದು. ತೊಳೆದ ಮಿಡಿಯ ನೀರನ್ನೂ ಸರಿಯಾಗಿ ಆರಿಸಲಿಲ್ಲ. ಹನ್ನೆರಡನೇ ದಿನ ಮುಚ್ಚಳ ತೆಗೆದರೆ ಮೇಲೆ ಬಿಳಿ ಬೂಸ್ಟು, ಮಿಡಿ ಒತ್ತಿದರೆ ಪಿಚಕ್ ಅನ್ನುವಷ್ಟು ಮೆತ್ತಗೆ. ಎಲ್ಲ ಚೆಲ್ಲಿದೆ.

ಮರು ವರ್ಷ ಮಾರ್ಚ್‌ನಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೇ ಹೋದೆ.

ಬಾವಿಕಟ್ಟೆ ಅಪ್ಪೆಯ ಬಗ್ಗೆ ಹೇಳಲೇಬೇಕು. ಮಾವನ ಮೂಲ ಮನೆ ಇದ್ದದ್ದು ಶರಾವತಿಯ ದಡದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮನೆ, ತೋಟ, ಗದ್ದೆ ಎಲ್ಲ ಮುಳುಗಡೆ. ಮಾವನಿಗೆ ಆಗ ಹದಿನೈದು ವರ್ಷ. ಬಾವಿಯ ಪಕ್ಕ ಒಂದು ಅಪ್ಪೆ ಮರ ಇತ್ತಂತೆ, ಅದೂ ಹೋಯಿತು. ಅಪ್ಪೆಗೂ ಹೊಳೆಗೂ ನಂಟು ಜಾಸ್ತಿ. ಶರಾವತಿ, ಅಘನಾಶಿನಿ, ವರದಾ, ಈ ಹೊಳೆಗಳ ಸಾಲಿನಲ್ಲೇ ಒಳ್ಳೊಳ್ಳೆಯ ಮರಗಳು. ಹಾಗಾಗಿ ಮುಳುಗಡೆಯಲ್ಲಿ ಹೊಲ ಮನೆಯ ಲೆಕ್ಕ ಬರೆದವರು ಇದ್ದರು, ಮಿಡಿ ಮರದ ಲೆಕ್ಕ ಯಾರು ಬರೆದರು, ಅಂತ ಮಾವ ಕೇಳುತ್ತಿದ್ದ. ಒಂದು ಪುಣ್ಯ ಏನೆಂದರೆ ನೆಂಟರೊಬ್ಬರು ಮೊದಲೇ ಆ ಮರದಿಂದ ಕಸಿ ಮಾಡಿ ತಮ್ಮ ಬೇಣದಲ್ಲಿ (ತೋಟದ ಪಕ್ಕದ ಹುಲ್ಲುಗಾವಲಿನಲ್ಲಿ) ನೆಟ್ಟಿದ್ದರು. ಓಟೆ (ಮಾವಿನ ಗೊರಟು) ಹಾಕಿ ಬೆಳೆಸಿದರೆ ತಾಯಿಮರದ ಗುಣವೇ ಬರುತ್ತದೆ ಅನ್ನುವ ಭರವಸೆ ಇಲ್ಲ, ಕಸಿಯೇ ಆಗಬೇಕು. ಮಾವ ದೊಡ್ಡವನಾದ ಮೇಲೆ ಅಲ್ಲಿಂದ ಕಡ್ಡಿ ತಂದು ಈಗಿನ ಮನೆಯ ಹಿಂದೆ ಕಸಿ ಕಟ್ಟಿದ. ಈಗ ಅಲ್ಲಿ ಬಾವಿಯೂ ಇಲ್ಲ ಕಟ್ಟೆಯೂ ಇಲ್ಲ. ಹೆಸರು ಮಾತ್ರ ಬಾವಿಕಟ್ಟೆ ಅಪ್ಪೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ, ಹಿನ್ನೀರು ತುಂಬಾ ಇಳಿದಿತ್ತು, ಮಾವ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಆ ಜಾಗ ತೋರಿಸಿದ್ದ. ಒಣಗಿ ಬಿರಿದ ಕೆಸರು, ಅಲ್ಲಲ್ಲಿ ಕಪ್ಪು ಬೊಡ್ಡೆಗಳು. ಒಂದು ಕಡೆ ಕಲ್ಲು ಕಟ್ಟಿದ ದುಂಡನೆಯ ಗುರುತು. "ಇದೇ ಬಾವಿ ಕೂಸೇ" ಅಂದ. ಪಕ್ಕಕ್ಕೆ ನಾಲ್ಕು ಹೆಜ್ಜೆ ಇಟ್ಟು ನಿಂತು ಮೇಲೆ ನೋಡಿದ. ಅಲ್ಲಿ ಬರೀ ಬಿಸಿಲು. ಅವನು ಮಾತ್ರ ಮರದ ಕೆಳಗೆ ನಿಂತವನ ಹಾಗೆ ಕತ್ತು ಎತ್ತಿಕೊಂಡೇ ಇದ್ದ.

ಕೊಯ್ಲಿನ ದಿನ ಬೆಳಿಗ್ಗೆ ಮರ ಹತ್ತಲು ಬಂದವರು ಮಾವನ ಕಾಲದಿಂದಲೂ ಹತ್ತುವವರೇ. ಮೊದಲು ಒಂದೇ ಒಂದು ಮಿಡಿ ಕೊಯ್ದು ಕೆಳಗೆ ಕೊಟ್ಟರು. ಅತ್ತೆ ಅದನ್ನು ಕತ್ತಿಯಲ್ಲಿ ಉದ್ದಕ್ಕೆ ಸೀಳಿದಳು. ಕತ್ತಿ ಎಲ್ಲೂ ತಡೆಯದೆ ಹೋದರೆ ಓಟೆ ಬಲಿತಿಲ್ಲ, ಕೊಯ್ಯಬಹುದು. ತಡೆದರೆ ತಡವಾಯಿತು ಅಂತ ಅರ್ಥ. ಮಳೆ ಬಂದ ಮರುದಿನವೂ ಕೊಯ್ಯಬಾರದು. ಕೊಯ್ದ ಗೊಂಚಲನ್ನು ಬುಟ್ಟಿಗೆ ತುಂಬಿ ಹಗ್ಗದಲ್ಲಿ ನಿಧಾನವಾಗಿ ಇಳಿಸುವುದು, ಒಂದೂ ಕೆಳಗೆ ಬೀಳಬಾರದು. ಬಿದ್ದದ್ದನ್ನು ಬೇರೆ ಇಟ್ಟೆವು, ಮಧ್ಯಾಹ್ನದ ಅಪ್ಪೆಹುಳಿಗೆ. ಮಾವ ಊಟದ ಕೊನೆಗೆ ಇಂಗಿನ ಒಗ್ಗರಣೆಯ ಅಪ್ಪೆಹುಳಿ ಎರಡು ಲೋಟ ಕುಡಿದು ಜಗುಲಿಯಲ್ಲಿ ಮಲಗಿದರೆ ನಾಲ್ಕು ಗಂಟೆಗೇ ಏಳುತ್ತಿದ್ದದ್ದು. ಅವತ್ತು ನಾನೂ ಅಲ್ಲೇ ಮಲಗಿದೆ.

ಗೊಂಚಲಿನಿಂದ ಬಿಡಿಸುವಾಗ ತೊಟ್ಟನ್ನು ಅರ್ಧ ಇಂಚಿನಷ್ಟು ಉಳಿಸಿ ಕತ್ತರಿಸಬೇಕು. ಮೊದಲನೆಯದನ್ನು ನಾನು ತೀರಾ ಗಿಡ್ಡ ಮಾಡಿದೆ. ತೊಟ್ಟಿನಿಂದ ಸೊನೆ ಸಣ್ಣಗೆ ಚಿಮ್ಮಿ ಮುಂಗೈಗೆ ಬಿತ್ತು. ಆ ವಾಸನೆ! ಅದು ಮಾವನ ಅಂಗಿಯ ವಾಸನೆ. ಮಾರ್ಚ್ ಏಪ್ರಿಲ್‌ನಲ್ಲಿ ಅವನು ಬೆಂಗಳೂರಿಗೆ ಬಂದರೆ ಬಾಗಿಲು ತೆರೆಯುತ್ತಿದ್ದ ಹಾಗೇ ಬರುತ್ತಿದ್ದ ವಾಸನೆ. ಅವನ ಪಟ ನಮ್ಮ ಮನೆ ಹಾಲ್‌ನಲ್ಲಿದೆ, ದಿನಾ ನೋಡುತ್ತೇನೆ. ಆದರೆ ಅಷ್ಟು ಹತ್ತಿರ ಅವನು ಬಂದದ್ದು ಆ ಕ್ಷಣದಲ್ಲೇ. ಮುಂಗೈ ತೊಳೆಯಲಿಲ್ಲ. ಸಂಜೆ ಹೊತ್ತಿಗೆ ಅಲ್ಲಿ ಚರ್ಮ ಸುಟ್ಟು ಕಪ್ಪು ಚುಕ್ಕೆ ಆಗಿತ್ತು. ಈಗಲೂ ಸ್ವಲ್ಪ ಕಲೆ ಇದೆ.

ಉಪ್ಪಿನ ಲೆಕ್ಕ ಡೈರಿಯ ಕೊನೆಯ ಪುಟದಲ್ಲಿತ್ತು, ಒಂದೇ ಸಾಲು: 'ಐದಕ್ಕೊಂದು ಉಪ್ಪು. ಕಲ್ಲುಪ್ಪು.' ಮಿಡಿ ಅಳೆದ ಪಾತ್ರೆಯಲ್ಲೇ ಉಪ್ಪನ್ನೂ ಅಳೆಯುವುದು, ಐದು ಪಾತ್ರೆ ಮಿಡಿಗೆ ಒಂದು ಪಾತ್ರೆ ಉಪ್ಪು. ನಾನು ಬೆಂಗಳೂರಿನ ತಕ್ಕಡಿಯಲ್ಲಿ ತೂಗಿ ನೋಡಿದೆ, 1 ಕೆ.ಜಿ. ಮಿಡಿಗೆ 300 ಗ್ರಾಂಗಿಂತ ಸ್ವಲ್ಪ ಹೆಚ್ಚೇ ಬರುತ್ತದೆ. ಜಾಸ್ತಿ ಅನ್ನಿಸುತ್ತದೆ. ಹೆದರಬೇಡಿ, ಕಡಿಮೆ ಮಾಡಬೇಡಿ. ಮಿಡಿಯನ್ನು ತೊಳೆದು, ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಜಾಡಿಯಲ್ಲಿ ಒಂದು ಪದರ ಮಿಡಿ ಒಂದು ಪದರ ಉಪ್ಪು ಹಾಕಿದೆ. ದಿನಾ ಒಂದು ಸಲ ಒಣಗಿದ ಕೈಯಲ್ಲಿ ಮೇಲೆ ಕೆಳಗೆ ಮಾಡುವುದು. ಮಿಡಿ ತಾನೇ ನೀರು ಬಿಡುತ್ತದೆ, ಹತ್ತು ಹದಿನೈದು ದಿನಕ್ಕೆ ಚಿರುಟಿ ಅಜ್ಜಿಯ ಕೈಬೆರಳಿನ ಹಾಗೆ ಸುಕ್ಕಾಗುತ್ತದೆ.

ಆಮೇಲೆ ಮಿಡಿ ತೆಗೆದಿಟ್ಟು ಆ ಉಪ್ಪುನೀರನ್ನು ಸೋಸಿ, ಕುದಿಸಿ, ರಾತ್ರಿಯಿಡೀ ತಣಿಸಿದೆ. ಬಿಸಿಲಲ್ಲಿ ಒಣಗಿಸಿದ ಬ್ಯಾಡಗಿ ಮೆಣಸು, ಹಸಿ ಸಾಸಿವೆ, ಸ್ವಲ್ಪ ಅರಿಶಿನ, ಇವನ್ನು ಅದೇ ಉಪ್ಪುನೀರಿನಲ್ಲಿ ರುಬ್ಬುವುದು. ಬೇರೆ ನೀರು ಒಂದು ಹನಿಯೂ ಬೇಡ. ಸಾಸಿವೆ ಘಾಟಿಗೆ ಮಗ ಕೆಮ್ಮುತ್ತಾ ಬಾಲ್ಕನಿಗೆ ಓಡಿದ, ನನ್ನ ಗಂಡ ಕಣ್ಣು ಒರೆಸಿಕೊಳ್ಳುತ್ತಲೇ ಜಾಡಿ ಹಿಡಿದುಕೊಂಡು ನಿಂತಿದ್ದರು. ಮಿಡಿ, ಖಾರ ಕಲಸಿ ತುಂಬಿ, ಮೇಲೆ ಚಪ್ಪಟೆ ಕಲ್ಲು ಇಟ್ಟು ಬಟ್ಟೆ ಕಟ್ಟಿದೆ. ಬಟ್ಟೆ ಮಾವನ ಪಂಚೆಯದ್ದೇ, ಹಳೇ ಡಬ್ಬಗಳದ್ದನ್ನೆಲ್ಲ ತೊಳೆದು ಇಟ್ಟುಕೊಂಡಿದ್ದೆ.

ಅಪ್ಪೆಮಿಡಿಗೆ ಈಗ ಜಿಐ ಗುರುತು (ಇಂಥ ಪ್ರದೇಶದ ವಿಶೇಷ ಬೆಳೆ ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಿದೆ, ಜೀರಿಗೆ ಅಪ್ಪೆ, ಅನಂತಭಟ್ಟನ ಅಪ್ಪೆ ಅಂತ ಹೆಸರುವಾಸಿ ತಳಿಗಳ ಕಸಿ ಗಿಡ ನರ್ಸರಿಗಳಲ್ಲಿ ಸಿಗುತ್ತವೆ. ಸಂತೋಷದ ವಿಷಯ. ಆದರೆ ಬಾವಿಕಟ್ಟೆ ಅಪ್ಪೆ ಯಾವ ಪಟ್ಟಿಯಲ್ಲೂ ಇಲ್ಲ, ಇರುವುದು ನಮ್ಮ ಮಾವನ ಹಿತ್ತಲಲ್ಲಿ ಮತ್ತು ಆ ನೆಂಟರ ಬೇಣದಲ್ಲಿ. ಇಂಥ ಮರ ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಕಡ್ಡಿ ತೆಗೆದು ಇನ್ನೆರಡು ಕಡೆ ಕಸಿ ಕಟ್ಟಿಸಿಡಿ. ನಾವು ಹೋದ ಮಳೆಗಾಲ ಎರಡು ಗಿಡ ಮಾಡಿಸಿದ್ದೇವೆ. ಒಂದು ಹಿಡಿದಿದೆ.

ಈ ವರ್ಷ ಬೆಳೆ ಕಡಿಮೆ, ಒಟ್ಟು 310. ಅತ್ತೆಗೆ 200 ಎಣಿಸಿ ಡಬ್ಬಕ್ಕೆ ತುಂಬಿ, ಹಗ್ಗ ಬಿಗಿದು, ಊರಿಗೆ ಹೊರಟವರ ಕೈಯಲ್ಲಿ ರಾತ್ರಿ ಬಸ್ಸಿಗೆ ಕಳಿಸಿದೆ. ಮರುದಿನ ಮಧ್ಯಾಹ್ನ ಅತ್ತೆಯ ಫೋನ್ ಬಂತು.

"ಉಪ್ಪು ಸರಿಯಾಗಿದೆ ಕೂಸೇ. ಖಾರ ಇನ್ನೊಂದು ಚೂರು ನುಣ್ಣಗೆ ರುಬ್ಬು. ಮತ್ತೆ ಇದೆಂತ, ಇಷ್ಟೊಂದು ಗಂಟು ಹಾಕಿದ್ದೀ? ಬಿಚ್ಚಲಿಕ್ಕೆ ಪಕ್ಕದ ಮನೆಯವರನ್ನು ಕರೆದೆ."