ಅಜ್ಜಿಯ ಹಾಡನ್ನು ಮೊಬೈಲಲ್ಲಿ ರೆಕಾರ್ಡ್ ಮಾಡುವುದು ಹೇಗೆ?

2022ರಲ್ಲಿ ಕೇರಳದ ಅಟ್ಟಪ್ಪಾಡಿಯ ನಂಜಿಯಮ್ಮನಿಗೆ ಅತ್ಯುತ್ತಮ ಹಿನ್ನೆಲೆ ಗಾಯಕಿಯ ರಾಷ್ಟ್ರಪ್ರಶಸ್ತಿ ಬಂದಾಗ ನನ್ನ ತರಗತಿಯ ಮಕ್ಕಳೆಲ್ಲ ಆ ಹಾಡನ್ನೇ ಗುನುಗುತ್ತಿದ್ದರು. ನಂಜಿಯಮ್ಮ ಇರುಳ ಎಂಬ ಬುಡಕಟ್ಟು ಸಮುದಾಯದವರು, ದನ, ಆಡು ಮೇಯಿಸಿಕೊಂಡಿದ್ದವರು. 2020ರ ‘ಅಯ್ಯಪ್ಪನುಂ ಕೋಶಿಯುಂ’ ಮಲಯಾಳಂ ಸಿನಿಮಾಕ್ಕೆ ತಾವೇ ಕಟ್ಟಿದ ಹಾಡನ್ನು ಇರುಳ ಭಾಷೆಯಲ್ಲೇ ಹಾಡಿದರು, ಅದರಲ್ಲಿ ಪಾತ್ರವನ್ನೂ ಮಾಡಿದರು. ಆಗ ಒಬ್ಬಳು ಹುಡುಗಿ ಬಂದು, “ಟೀಚರೆ, ನಮ್ಮಜ್ಜಿಗೂ ಹಾಡು ಬರ್ತದೆ, ರೆಕಾರ್ಡ್ ಮಾಡ್ಲಿಕ್ಕೆ ಬರ್ತೀರಾ?” ಅಂದಳು. ಕಾಸರಗೋಡಿನ ಬದಿಯಡ್ಕ ಕಡೆಯ, ಬುಟ್ಟಿ ಹೆಣೆಯುವ ಕೊರಗ ಬುಡಕಟ್ಟಿನವರ ಮನೆ ಅದು. ಅಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ಫೋನ್ ಹೊರಗೆ ತೆಗೆಯಲೇಬೇಡಿ. ಸುಮ್ನೆ ಕೂತು ಮಾತಾಡಿ. ರೆಕಾರ್ಡ್ ಮಾಡಬಹುದಾ, ಯಾರಿಗೆಲ್ಲ ಕೇಳಿಸಬಹುದು ಎಂದು ಅಜ್ಜಿಯ ಹತ್ತಿರವೇ ಕೇಳಿ. ಮಗನೋ ಮೊಮ್ಮಗಳೋ ಒಪ್ಪಿದರೆ ಸಾಲದು.

ಮಳೆಗಾಲದಲ್ಲಿ ಹೋಗಬೇಡಿ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಬೇರೇನೂ ಕೇಳುವುದಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ನಿಲ್ಲಿಸಿ, ಮಡಚಿದ ಟವೆಲ್ ಮೇಲೆ ಒಂದು ಮೊಳ ದೂರದಲ್ಲಿ ಫೋನ್ ಇಡಿ.

ಇನ್ನು ಮುಖ್ಯ ವಿಷಯ. ನಾನು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ “ಹಾಡಿ” ಅಂದೆ. ಎರಡು ಸಾಲು ಆಗುವಷ್ಟರಲ್ಲಿ ಹಾಡು ನಿಂತಿತು. ಮರೆತು ಹೋಗಿದೆ ಅಂದರು. ಮೊಮ್ಮಗಳು ಅರ್ಧ ಹೆಣೆದ ಬುಟ್ಟಿಯನ್ನು ತಂದು ಅವರ ಮಡಿಲಲ್ಲಿಟ್ಟಳು. ಕೈ ಬಳ್ಳಿಯನ್ನು ಹಿಡಿದು ಒಳಗೆ ಹೊರಗೆ ಎಳೆಯತೊಡಗಿತು, ಅದರ ಹಿಂದೆಯೇ ಹಾಡೂ ಬಂತು. ಬಳ್ಳಿ ಮುಗಿದು ಹೊಸದು ಸೇರಿಸುವಲ್ಲಿ ದನಿ ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಆ ಬಿಡುವನ್ನು ಕತ್ತರಿಸಬೇಡಿ. ಶ್ರುತಿಪೆಟ್ಟಿಗೆ ತರಬೇಡಿ, ಆಮೇಲೆ ಆ್ಯಪ್‌ನಲ್ಲಿ ದನಿ ತಿದ್ದಲೂಬೇಡಿ. ಶ್ರುತಿ ಕೊಟ್ಟರೆ ನಂಜಿಯಮ್ಮ ಹಾಡಲಾರರು ಎಂದು ಪ್ರಶಸ್ತಿ ಬಂದಾಗ ಟೀಕೆ ಮಾಡಿದವರಿದ್ದರು. ಆ ಮಾತು ನನಗೆ ಈಗಲೂ ನೋವು ಕೊಡುತ್ತದೆ. ಮೇಯುವ ದನದ ಹಿಂದೆ ನಡೆಯುತ್ತ ಹಾಡುವವರ ಶ್ರುತಿ ಅವರ ಉಸಿರಿನಲ್ಲೇ ಇರುತ್ತದೆ, ಅಲ್ವಾ?

ಹಾಡಿನಲ್ಲಿ ಬಸ್ಸು, ಪೋಲೀಸು, ರೇಷನ್ ಬಂದರೆ “ಇದು ಹಳೆಯದಲ್ಲ” ಎಂದು ತೆಗೆದು ಹಾಕುವವರನ್ನು ಕಂಡಿದ್ದೇನೆ. ನಂಜಿಯಮ್ಮನ ಹಾಡಿನಲ್ಲಿ ಹೂ ಬಿಟ್ಟ ಗಂಧದ ಮರವೂ ಇದೆ, ವಿಮಾನವೂ ಇದೆ. ಹಾಡುವವರು ಕಂಡದ್ದೆಲ್ಲ ಹಾಡಿಗೆ ಬರುತ್ತದೆ.

ಬರೆದುಕೊಳ್ಳುವಾಗ ಜಾಸ್ತಿ ಎಚ್ಚರ ಬೇಕು. ನಮ್ಮ ಅಜ್ಜಿ ಹಾಡಿದ್ದು ತುಳುವಿನಲ್ಲಿ. ‘ಯಾನ್ ಬರ್ಪೆ’ ಅಂದರೆ ನಾನು ಬರುತ್ತೇನೆ, ‘ಆಯೆ ಬರ್ಪೆ’ ಅಂದರೆ ಅವನು ಬರುತ್ತಾನೆ. ಕನ್ನಡ ಲಿಪಿಯಲ್ಲಿ ಎರಡು ‘ಬರ್ಪೆ’ಯೂ ಒಂದೇ, ಬಾಯಲ್ಲಿ ಬೇರೆ. ಮೊದಲನೆಯದರಲ್ಲಿ ಬಾಯಿ ಹೆಚ್ಚು ಅಗಲವಾಗಿ ತೆರೆಯುತ್ತದೆ. ನಾನು ಅದರ ಕೆಳಗೆ ಗೆರೆ ಎಳೆಯುತ್ತೇನೆ. ನೀವು ಯಾವ ಗುರುತು ಹಾಕಿದರೂ ಸರಿ, ಕೊನೆವರೆಗೆ ಅದನ್ನೇ ಬಳಸಿ. ಅರ್ಥವಾಗದ ಶಬ್ದಕ್ಕೆ ಊಹೆಯಿಂದ ಅರ್ಥ ಬರೆಯಬೇಡಿ, ಮರುದಿನ ಹೋಗಿ ಕೇಳಿ.

ಶಾಲೆಯ ವೇದಿಕೆಯಲ್ಲಿ ಹಾಡನ್ನು ಬಳಸಿದರೆ ಅಜ್ಜಿಯ ಹೆಸರು ಮೊದಲು ಹೇಳಿ. ಅವರನ್ನೇ ಕರೆದರೆ ಗಾಡಿ ಖರ್ಚು, ಸಂಭಾವನೆ ಎರಡೂ ಕೊಡಿ. ಶಾಲು ಹೊದೆಸಿ ಕಳಿಸುವುದು ನ್ಯಾಯವಲ್ಲ.

ವಾಟ್ಸಾಪ್‌ಗೆ ಹಾಕುವ ಮೊದಲು ಅಜ್ಜಿಗೇ ಕೇಳಿಸಿ. ನಮ್ಮ ಅಜ್ಜಿ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, “ಒಂಜಿ ಸಾಲ್ ಬುಡ್ದು ಪೋಂಡು” ಅಂದರು, ಒಂದು ಸಾಲು ಬಿಟ್ಟು ಹೋಗಿದೆ ಎಂದು. ಮೊಮ್ಮಗಳು ಬುಟ್ಟಿ ತರಲು ಒಳಗೆ ಓಡಿದಳು. ನಾನು ಟವೆಲ್ ಮಡಚಿದೆ.