ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದಿದ್ದರೆ ಹೆತ್ತವರು ಏನು ಮಾಡಬೇಕು

ಹೆತ್ತವರ ಜೊತೆಗಿನ ನಂಟು ಕಡಿದು ಮಗುವನ್ನು ದತ್ತು ಕೊಡಬಹುದೇ ಎಂದು ಮೊದಲು ತೀರ್ಮಾನಿಸುವುದು ಕೋರ್ಟ್ ಅಲ್ಲ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಅಧ್ಯಕ್ಷರೊಬ್ಬರು, ನಾಲ್ವರು ಸದಸ್ಯರು. ಬಾಲನ್ಯಾಯ ಕಾಯ್ದೆ 2015 ಇದಕ್ಕೆ ಮ್ಯಾಜಿಸ್ಟ್ರೇಟರ ಪೀಠದ ಅಧಿಕಾರ ಕೊಟ್ಟಿದೆ. ವಿಚ್ಛೇದನದಲ್ಲಿ ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಬೇರೆ, ಅದು ಇಲ್ಲಿಗೆ ಬರುವುದಿಲ್ಲ.

ರಕ್ಷಣೆ ಬೇಕಾದ ಸ್ಥಿತಿಯಲ್ಲಿ ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಸಮಿತಿ ಅಂದು ಕೂತಿಲ್ಲದಿದ್ದರೆ ಒಬ್ಬ ಸದಸ್ಯರ ಮುಂದಾದರೂ ಸರಿ. ಅಲ್ಲಿಂದ 15 ದಿನದಲ್ಲಿ ಸಾಮಾಜಿಕ ತನಿಖೆ, ಅಂದರೆ ಮನೆಯ ಪರಿಸ್ಥಿತಿ ವಿಚಾರಿಸಿ ವರದಿ ಬರೆಯುವ ಕೆಲಸ, ಮುಗಿಯಬೇಕು. ಹೆತ್ತವರ ಪಾಲಿಗೆ ಇಡೀ ಪ್ರಕರಣದಲ್ಲಿ ಮುಖ್ಯವಾದದ್ದು ಈ ವರದಿ. ಸಮಾಜ ಕಾರ್ಯಕರ್ತರು ಮನೆಗೆ ಬಂದಾಗ ಬಾಗಿಲು ಹಾಕಿದ್ದರೆ, ಫೋನ್ ಸ್ವಿಚ್ ಆಫ್ ಆಗಿದ್ದರೆ, ವರದಿಯಲ್ಲಿ ನೆರೆಯವರ ಮಾತು ಮಾತ್ರ ಉಳಿಯುತ್ತದೆ. ತಾಯಿ ಕಾರ್ಡ್, ಜನನ ಪ್ರಮಾಣಪತ್ರ, ಲಸಿಕೆ ಹಾಕಿಸಿದ ದಾಖಲೆ, ಪಡಿತರ ಚೀಟಿ, ಶಾಲೆ ಅಥವಾ ಅಂಗನವಾಡಿ ದಾಖಲೆ ಕೈಗೆ ಸಿಗುವಂತಿರಲಿ. ಅಜ್ಜಿ, ಸೋದರಮಾವ, ದೊಡ್ಡಮ್ಮ ಯಾರಾದರೂ ಮಗುವನ್ನು ನೋಡಿಕೊಳ್ಳಲು ಸಿದ್ಧರಿದ್ದರೆ ಅವರ ಹೆಸರು, ವಿಳಾಸ ವರದಿಯಲ್ಲಿ ಬರುವಂತೆ ನೋಡಿಕೊಳ್ಳಿ.

ಬಡವರೆಂದು ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯ ಹಳ್ಳಿಗಳಲ್ಲಿ ದೊಡ್ಡದು. ಕಾಯ್ದೆ ಹೇಳುವುದು ಅದರ ತಿರುಗುಮುರುಗು: ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿ, ಮನೆಗೆ ಮರಳಿಸುವುದೇ ಮೊದಲ ಗುರಿ. ವರ್ಷದ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರದ ಅರ್ಹ ಕುಟುಂಬಕ್ಕೆ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ (ಮಗುವನ್ನು ಸಾಕಲು ಕೊಡುವ ನೆರವು) ಸಿಗಬಹುದು. ತಮ್ಮಿಂದ ಸಾಕಲಾಗದು ಎನ್ನುವ ಮೊದಲು ಇದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಹೆತ್ತವರಿಗೆ ಮುಳುವಾಗುವುದು ಹೆಚ್ಚಾಗಿ ಬಡತನಕ್ಕಿಂತ ಗೈರುಹಾಜರಿ.

ಗೈರುಹಾಜರಿ ಲೆಕ್ಕಕ್ಕೆ ಬರುವುದು ಹೀಗೆ. ಹೆತ್ತವರ ಪತ್ತೆಗೆ ಪ್ರಯತ್ನಿಸಿದ ಮೇಲೂ ಯಾರೂ ಬಾರದಿದ್ದರೆ, 2 ವರ್ಷದವರೆಗಿನ ಮಗುವನ್ನು 2 ತಿಂಗಳಲ್ಲಿ, ಅದಕ್ಕಿಂತ ದೊಡ್ಡ ಮಗುವನ್ನು 4 ತಿಂಗಳಲ್ಲಿ ದತ್ತು ನೀಡಲು ಮುಕ್ತವೆಂದು ಘೋಷಿಸಬಹುದು. ಕನಿಷ್ಠ ಮೂವರು ಸದಸ್ಯರು ಸೇರಿ ತೀರ್ಮಾನಿಸಬೇಕು, ಒಬ್ಬರ ಸಹಿ ಸಾಲದು. ಮಗುವನ್ನು ಇರಿಸಿರುವ ಬಾಲಮಂದಿರಕ್ಕೆ ಹೋದಾಗಲೆಲ್ಲ ಭೇಟಿ ಪುಸ್ತಕದಲ್ಲಿ ದಿನಾಂಕ ಹಾಕಿ ಸಹಿ ಮಾಡಿ. ಕೆಲಸಕ್ಕೆ ಬೇರೆ ಊರಿಗೆ ಹೋಗುವುದಾದರೆ ಹೊಸ ವಿಳಾಸ, ನಂಬರನ್ನು ಸಮಿತಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಸ್ವಂತ ಇಚ್ಛೆಯಿಂದ ಮಗುವನ್ನು ಒಪ್ಪಿಸುವುದಾದರೆ ಒಪ್ಪಿಗೆ ಪತ್ರ ಸಮಿತಿಯ ಮುಂದೆಯೇ ಆಗಬೇಕು. ಆಸ್ಪತ್ರೆಯಲ್ಲಿ ಯಾರೋ ಛಾಪಾ ಕಾಗದಕ್ಕೆ ಹಾಕಿಸಿಕೊಂಡ ಸಹಿ ಒಪ್ಪಿಸುವಿಕೆಯೇ ಅಲ್ಲ. ದಂಪತಿಯಾದರೆ ಇಬ್ಬರ ಸಹಿಯೂ ಬೇಕು. ಗಂಡ ಎಲ್ಲಿದ್ದಾನೋ ಗೊತ್ತಿಲ್ಲವೆಂದರೆ ಆ ಮಗುವನ್ನು ಪರಿತ್ಯಕ್ತ, ಅಂದರೆ ಹೆತ್ತವರು ಬಿಟ್ಟುಹೋದ ಮಗುವೆಂದು ಪರಿಗಣಿಸಿ ಪೂರ್ತಿ ವಿಚಾರಣೆ ನಡೆಸುತ್ತಾರೆ. ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು 2 ತಿಂಗಳು ಕಾಲಾವಕಾಶವಿದೆ. ಮನಸ್ಸು ಬದಲಾದರೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ, ಲಿಖಿತ ಅರ್ಜಿ ಕೊಡಿ. ಗಡುವು ದಾಟಿದರೆ ದತ್ತು ಪ್ರಕ್ರಿಯೆ ಶುರು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಹೊರಡಿಸುವುದು ಜಿಲ್ಲಾಧಿಕಾರಿ. ಆದೇಶವಾದೊಡನೆ ಹುಟ್ಟಿದ ಮನೆಯ ಕಾನೂನು ಸಂಬಂಧ ಮುಗಿಯುತ್ತದೆ.

ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿ. ಆ ನ್ಯಾಯಾಲಯದ ತೀರ್ಪಿಗೆ ಎರಡನೇ ಮೇಲ್ಮನವಿ ಇಲ್ಲ, ಹೈಕೋರ್ಟಿನಲ್ಲಿ ಮರುಪರಿಶೀಲನೆ ಕೋರಬಹುದಷ್ಟೇ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಆದೇಶದ ದೃಢೀಕೃತ ಪ್ರತಿ ಜೊತೆಗಿರಲಿ.