ಬೆಕ್ಕಿನ ಕೋಪ ಮೂಗಿನ ತುದಿಯಲ್ಲಿ

ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಹಿಂದಿರುಗಿದರೆ ಬೆಕ್ಕು ಬೆನ್ನು ತಿರುಗಿಸಿ ಕೂರುತ್ತದೆ, ಕರೆದರೆ ಕಿವಿಯನ್ನಷ್ಟೇ ಇತ್ತ ಹೊರಳಿಸಿ ಸುಮ್ಮನಾಗುತ್ತದೆ, ಮರುದಿನ ನಮ್ಮ ಹಾಸಿಗೆಯ ಮೇಲೆಯೇ ಉಚ್ಚೆ ಹೊಯ್ದು ಸೇಡು ತೀರಿಸಿಕೊಳ್ಳುತ್ತದೆ ಎಂಬ ದೂರನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಮಲೆನಾಡಿನ ಅಟ್ಟದ ಮನೆಯಲ್ಲಿ ಇಲಿ ಹಿಡಿಯುವ ಬೆಕ್ಕುಗಳ ನಡುವೆ ಬೆಳೆದು, ಈಗ ಶಿವಮೊಗ್ಗದಲ್ಲಿ ಮೂರನೆಯ ಅಂತಸ್ತಿನ ಮನೆಯೊಂದರಲ್ಲಿ ಎರಡು ಬೆಕ್ಕುಗಳೊಡನೆ ಬಾಳುತ್ತಿರುವ ನನಗೆ ಈ ದೂರಿನ ಮೊದಲರ್ಧ ನಿಜವೆನಿಸುತ್ತದೆ. ಸೇಡಿನ ಮಾತು ಮಾತ್ರ ಒಪ್ಪಿಗೆಯಾಗುವುದಿಲ್ಲ. ಮುಂಗೋಪಿಗಳನ್ನು ಕುರಿತು ಮೂಗಿನ ತುದಿಯಲ್ಲೇ ಕೋಪ ಎನ್ನುತ್ತೇವಲ್ಲ, ಬೆಕ್ಕಿನ ಮಟ್ಟಿಗೆ ಅದು ಅಕ್ಷರಶಃ ಸತ್ಯ.

ಬೆಕ್ಕಿನ ಕೆನ್ನೆ, ಹಣೆ, ಬಾಲದ ಬುಡ ಮತ್ತು ಅಂಗಾಲುಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟು, ಕುರ್ಚಿಯ ಕಾಲು, ನಮ್ಮ ಮೊಣಕಾಲು ಎಲ್ಲಕ್ಕೂ ಅದು ಕೆನ್ನೆ ಉಜ್ಜುತ್ತ ತಿರುಗುವುದು ಮುದ್ದಿಗಾಗಿ ಮಾತ್ರವಲ್ಲ; ಇದು ನನ್ನ ಜಾಗ, ಇವರು ನನ್ನವರು ಎಂಬ ಗುರುತನ್ನು ಹಚ್ಚುತ್ತಿರುತ್ತದೆ. ಬಸ್ಸಿನ ಹೊಗೆ, ಮದುವೆ ಮನೆಯ ಊಟ, ಬೀಗರ ಮನೆಯ ನಾಯಿ ಇವೆಲ್ಲದರ ವಾಸನೆಯನ್ನು ಹೊತ್ತು ನಾವು ಬಾಗಿಲಲ್ಲಿ ನಿಂತಾಗ ಅದಕ್ಕೆ ನಮ್ಮ ದನಿ ಪರಿಚಿತ, ಮೈ ಅಪರಿಚಿತ. ಆ ಗೊಂದಲದಲ್ಲಿ ಅದು ದೂರ ಕುಳಿತು ನಮ್ಮನ್ನು ಪರೀಕ್ಷಿಸುವುದನ್ನೇ ನಾವು ಮುನಿಸೆಂದು ಕರೆಯುತ್ತೇವೆ. ಇನ್ನು ಹಾಸಿಗೆಯ ವಿಷಯ: ಮನೆಯಲ್ಲಿ ನಮ್ಮ ವಾಸನೆ ದಟ್ಟವಾಗಿ ಉಳಿಯುವುದು ಅಲ್ಲಿಯೇ. ಗಾಬರಿಗೊಂಡ ಬೆಕ್ಕು ತನ್ನ ವಾಸನೆಯನ್ನು ಅದರೊಡನೆ ಬೆರೆಸಿ ಧೈರ್ಯ ತಂದುಕೊಳ್ಳುತ್ತದೆ ಎಂದು ಪ್ರಾಣಿಗಳ ನಡವಳಿಕೆ ಬಲ್ಲವರು ವಿವರಿಸುತ್ತಾರೆ. ಹಬ್ಬಕ್ಕೆಂದು ಗೋಡೆಗೆ ಬಣ್ಣ ಬಳಿದು, ಸೋಫಾದ ಹೊದಿಕೆಯಿಂದ ಕಾಲೊರಸಿನವರೆಗೆ ಎಲ್ಲವನ್ನೂ ಒಂದೇ ದಿನ ಒಗೆದು ಹಾಕಿದ ವಾರದಲ್ಲಿ ಬೆಕ್ಕು ಊಟ ಬಿಟ್ಟು ಮಂಚದಡಿ ಸೇರುವುದಕ್ಕೂ ಇದೇ ಕಾರಣ. ಅದು ಮಲಗುವ ಒಂದು ಬಟ್ಟೆಯನ್ನಾದರೂ ಒಗೆಯದೆ ಉಳಿಸಬೇಕು.

ವಾಸನೆಯ ಮಾತು ಬಂದ ಮೇಲೆ ಫಿನಾಯಿಲ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬೆಕ್ಕು ಉಚ್ಚೆ ಹೊಯ್ದ ಮೂಲೆಗೆ ನಮ್ಮಲ್ಲಿ ಮೊದಲು ಸುರಿಯುವುದೇ ಅದನ್ನು. ಕರಿ ಫಿನಾಯಿಲ್‌ನಲ್ಲಿ ಫೀನಾಲ್ ಜಾತಿಯ ರಾಸಾಯನಿಕಗಳಿರುತ್ತವೆ, ಬಿಳಿಯದರಲ್ಲಿ ಸಾಮಾನ್ಯವಾಗಿ ಪೈನ್ ಎಣ್ಣೆ ಇರುತ್ತದೆ. ಇಂಥವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒದ್ದೆ ನೆಲದಲ್ಲಿ ನಡೆದ ಬೆಕ್ಕು ಆಮೇಲೆ ಅಂಗಾಲು ನೆಕ್ಕುತ್ತದೆ, ವಿಷ ಹೊಟ್ಟೆ ಸೇರುತ್ತದೆ. ಬೀರುವಿನಲ್ಲಿಡುವ ನುಸಿಗುಳಿಗೆಯೂ ಹಾಗೆಯೇ ಅಪಾಯಕರ. ಉಚ್ಚೆಯ ಕಲೆಗೆ ಮೊದಲು ಸಾಬೂನು ನೀರು, ಬಳಿಕ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣ, ಆಮೇಲೆ ಒಳ್ಳೆಯ ಬಿಸಿಲು. ವಾಸನೆ ಚೂರು ಉಳಿದರೂ ಬೆಕ್ಕು ಅಲ್ಲಿಗೇ ಮರಳುತ್ತದೆ.

ಆದರೆ ನೆಲ ಒರೆಸುವುದಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಕಾಯಿಲೆಯನ್ನು. ಹಿಂದೊಮ್ಮೆ ನಮ್ಮ ಗಂಡುಬೆಕ್ಕು ಬಚ್ಚಲಿನ ತೂಬಿನ ಬಳಿ, ಕಾಲೊರಸಿನ ಮೇಲೆ, ಕೊನೆಗೆ ಅಕ್ಕಿ ಮೂಟೆಯ ಪಕ್ಕದಲ್ಲಿ ಹೀಗೆ ದಿನವಿಡೀ ಕುಕ್ಕರಿಸಿ ಕುಕ್ಕರಿಸಿ ಎದ್ದಿತು. ನಾನು ಗದರಿಸಿ ಹೊರಗಟ್ಟಿದೆ. ರಾತ್ರಿ ಅದು ಮುಟ್ಟಿದರೆ ಚೀರಿದಾಗ ಮಾತ್ರ ಪಶುವೈದ್ಯರಲ್ಲಿಗೆ ಒಯ್ದೆವು, ಮೂತ್ರನಾಳ ಕಟ್ಟಿಕೊಂಡಿತ್ತು. ಗಂಡಿನ ಮೂತ್ರನಾಳ ಬಹು ಕಿರಿದು, ಅದು ಮುಚ್ಚಿಕೊಂಡರೆ ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಆದುದರಿಂದ ತಿಣುಕುತ್ತ ಹನಿಹನಿಯಾಗಿ ಹೊಯ್ಯುವ, ಮತ್ತೆ ಮತ್ತೆ ಅಲ್ಲಿಯೇ ನೆಕ್ಕಿಕೊಳ್ಳುವ ಗಂಡುಬೆಕ್ಕನ್ನು ಬೆಳಗಾಗುವವರೆಗೂ ಕಾಯದೆ ವೈದ್ಯರಿಗೆ ತೋರಿಸಬೇಕು. ನೋವಿಗೆಂದು ನಮ್ಮ ಪ್ಯಾರಾಸಿಟಮಾಲ್ ಕೊಡುವುದಂತೂ ಕೂಡದು. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಮುದಿ ಬೆಕ್ಕು ರಾತ್ರಿಯೆಲ್ಲ ಅರಚುವುದು, ಸದಾ ಸೌಮ್ಯವಾಗಿದ್ದುದು ಎತ್ತಿಕೊಂಡರೆ ಕಚ್ಚುವುದು ಇವೂ ಹಲವು ಬಾರಿ ಥೈರಾಯ್ಡ್, ಮೂತ್ರಪಿಂಡ ಅಥವಾ ಕೀಲುನೋವಿನ ಲಕ್ಷಣಗಳೇ ಹೊರತು ಕೆಟ್ಟ ಗುಣವಲ್ಲ.

ಕಾಯಿಲೆಯಿಲ್ಲವೆಂದು ಖಚಿತವಾದರೆ ಬೆಕ್ಕಿನ ಮಲಮೂತ್ರಕ್ಕೆಂದು ಇಡುವ ಮರಳಿನ ತಟ್ಟೆಯನ್ನು ನೋಡಬೇಕು. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ತಟ್ಟೆ ಹೆಚ್ಚಿಗಿರಲಿ, ದಿನಕ್ಕೊಮ್ಮೆಯಾದರೂ ಸ್ವಚ್ಛವಾಗಲಿ, ಊಟದ ಬಟ್ಟಲಿನ ಬಳಿಯಾಗಲೀ ಇದ್ದಕ್ಕಿದ್ದಂತೆ ಗಡಗಡಿಸುವ ಬಟ್ಟೆ ಒಗೆಯುವ ಯಂತ್ರದ ಬಳಿಯಾಗಲೀ ಇರದಿರಲಿ. ಆ ತಟ್ಟೆಗೆ ತುಂಬಲು ಅಂಗಡಿಯಲ್ಲಿ ಸಿಗುವ, ಮಲ್ಲಿಗೆಯ ಪರಿಮಳವುಳ್ಳ ಮರಳು ನಮ್ಮ ಮೂಗಿಗಾಗಿ ತಯಾರಾದದ್ದು, ಬೆಕ್ಕಿನ ಮೂಗಿಗಾಗಿ ಅಲ್ಲ.

ಸೋಫಾ ಪರಚುವುದೂ ಗುರುತು ಹಾಕುವ ಕೆಲಸವೇ. ಒಂದು ಮರದ ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನೋ ಗೋಣಿಯನ್ನೋ ಬಿಗಿಯಾಗಿ ಸುತ್ತಿ, ಬೆಕ್ಕು ಮೈ ಪೂರ್ತಿ ನೀಳವಾಗಿ ಚಾಚಲು ಸಾಧ್ಯವಾಗುವಂತೆ ಮೂರಡಿ ಎತ್ತರವಿರಿಸಿ, ಅದು ಈಗ ಪರಚುತ್ತಿರುವ ಜಾಗದ ಪಕ್ಕದಲ್ಲಿಯೇ ನಿಲ್ಲಿಸಬೇಕು. ಅಂದ ಕೆಡುತ್ತದೆಂದು ಹಿತ್ತಿಲಲ್ಲಿಟ್ಟರೆ ಅದು ಕಂಬವನ್ನು ಮೂಸಿಯೂ ನೋಡುವುದಿಲ್ಲ.

ನಸುಕಿನಲ್ಲಿ ನಾಲ್ಕೂವರೆಗೆ ಎಬ್ಬಿಸುವ ಬೆಕ್ಕಿನ ಬಗ್ಗೆ ಸಿಟ್ಟಾಗುವವರು, ಮುಂಜಾವು ಮತ್ತು ಮುಸ್ಸಂಜೆ ಅದರ ಬೇಟೆಯ ಹೊತ್ತು ಎಂಬುದನ್ನು ನೆನೆಯಬೇಕು. ಮಲಗುವ ಮುನ್ನ ಕಾಲು ಗಂಟೆ ದಾರ ಎಳೆದು ಆಡಿಸಿ, ಆಮೇಲೆ ಊಟವಿಟ್ಟರೆ ಅದು ಮೈ ನೆಕ್ಕಿಕೊಂಡು ಮಲಗುತ್ತದೆ. ದಾರವನ್ನು ಮಾತ್ರ ಎತ್ತಿಡಬೇಕು, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಊಟವೆಂದರೆ ಬರಿಯ ಮೊಸರನ್ನವಲ್ಲ. ಟಾರಿನ್ ಎಂಬ ಅಂಶ ಮಾಂಸದಿಂದಲೇ ಬರಬೇಕು, ಇಲ್ಲದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ. ನಮ್ಮ ಅಟ್ಟದ ಬೆಕ್ಕುಗಳು ಮೊಸರನ್ನ ತಿಂದೂ ಗಟ್ಟಿಮುಟ್ಟಾಗಿದ್ದುದು ಇಲಿಗಳ ಪುಣ್ಯದಿಂದ; ಮೂರನೆಯ ಅಂತಸ್ತಿನಲ್ಲಿ ಇಲಿಯೆಲ್ಲಿ? ನಾವು ಸಸ್ಯಾಹಾರಿಗಳಾದ ಮಾತ್ರಕ್ಕೆ ಬೆಕ್ಕು ಸಸ್ಯಾಹಾರಿಯಾಗುವುದಿಲ್ಲವೆಂದು ಮನೆಯಲ್ಲಿ ಒಪ್ಪಿಸಲು ನನಗೆ ಎರಡು ವರ್ಷ ಬೇಕಾಯಿತು.

ನೇವರಿಸುತ್ತಿದ್ದಾಗಲೇ ತಿರುಗಿ ಕಚ್ಚಿತೆಂದು ಮಕ್ಕಳು ಅಳುತ್ತ ಬರುತ್ತಾರೆ. ಕಚ್ಚುವ ಮೊದಲು ಬೆಕ್ಕು ಹೇಳಿಯೇ ಇರುತ್ತದೆ: ಬಾಲದ ತುದಿ ಆ ಕಡೆ ಈ ಕಡೆ ಬಡಿಯುತ್ತದೆ, ಬೆನ್ನಿನ ಚರ್ಮ ಅಲೆಯಂತೆ ನಡುಗುತ್ತದೆ, ಕಿವಿಗಳು ಪಕ್ಕಕ್ಕೆ ಹೊರಳುತ್ತವೆ, ಹಿತವಾಗಿ ಗುರುಗುಟ್ಟುತ್ತಿದ್ದುದು ನಿಲ್ಲುತ್ತದೆ. ಅಷ್ಟರಲ್ಲಿ ಕೈ ತೆಗೆದರಾಯಿತು. ಕಿಟಕಿಯಾಚೆ ಪರಬೆಕ್ಕನ್ನು ಕಂಡು ಕೆರಳಿದಾಗಲಂತೂ ಹತ್ತಿರವಿದ್ದವರ ಮೇಲೆ ಎರಗುವುದುಂಟು. ಆಗ ಎತ್ತಿಕೊಂಡು ಸಮಾಧಾನ ಮಾಡಲು ಹೋಗದೆ, ಪರದೆ ಎಳೆದು ಒಂಟಿಯಾಗಿ ಬಿಡಬೇಕು. ಎರಡು ಬೆಕ್ಕುಗಳಿರುವ ಮನೆಯಲ್ಲಿ ಒಂದನ್ನು ಆಸ್ಪತ್ರೆಗೆ ಒಯ್ದು ತಂದರೆ ಇನ್ನೊಂದು ಶತ್ರುವೆಂಬಂತೆ ಬುಸುಗುಟ್ಟುತ್ತದೆ. ಅಲ್ಲಿಯೂ ಮೂಗಿನದೇ ತಕರಾರು, ಔಷಧದ ವಾಸನೆ ಗೆಳೆಯನ ಗುರುತನ್ನು ಮುಚ್ಚಿರುತ್ತದೆ. ಬಂದುದನ್ನು ಒಂದು ದಿನ ಬೇರೆ ಕೋಣೆಯಲ್ಲಿಟ್ಟು, ಮನೆಯಲ್ಲಿದ್ದುದರ ಹಾಸು ಬಟ್ಟೆಯಿಂದ ಅದರ ಮೈ ಒರೆಸಿದರೆ ಜಗಳ ಮುಗಿಯುತ್ತದೆ.

ಇಷ್ಟಾದರೂ ಕೆಲವರು ಪೆಟ್ಟು ಕೊಡದೆ ಬುದ್ಧಿ ಬಾರದೆನ್ನುತ್ತಾರೆ. ತೆನಾಲಿ ರಾಮಕೃಷ್ಣನ ಬೆಕ್ಕು ಒಮ್ಮೆ ಸುಡುಹಾಲಿಗೆ ಬಾಯಿಟ್ಟು, ಆಮೇಲೆ ಹಾಲಿನ ಬಟ್ಟಲು ಕಂಡರೇ ಓಡಿತೆಂಬ ಕಥೆ ಎಲ್ಲರಿಗೂ ಗೊತ್ತು. ಹೊಡೆತ ತಿಂದ ಬೆಕ್ಕಿನ ನೆನಪಿನಲ್ಲಿ ಉಳಿಯುವುದು ತಾನು ಮಾಡಿದ ತಪ್ಪಲ್ಲ, ಹೊಡೆದ ಕೈ. ಹಾಸಿಗೆ ಒದ್ದೆಯಾಗಿ ಗಂಟೆ ಕಳೆದ ಮೇಲೆ ಮೂತಿ ಹಿಡಿದು ಉಜ್ಜಿದರಂತೂ ಅದಕ್ಕೆ ತಲೆಬುಡ ತಿಳಿಯುವುದಿಲ್ಲ, ಭಯ ಹೆಚ್ಚಿ ಮತ್ತೆ ಹೊಯ್ಯುತ್ತದೆ.

ರಾಜಿಗೆ ನಾನು ಮಾಡುವುದಿಷ್ಟು. ನೆಲದ ಮೇಲೆ ಕುಳಿತು, ಕರೆಯದೆ, ನೆಟ್ಟ ನೋಟದಿಂದ ನೋಡದೆ, ಕಣ್ಣುಗಳನ್ನು ನಿಧಾನವಾಗಿ ಅರೆಮುಚ್ಚಿ ತೆರೆಯುತ್ತೇನೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳು ತಿರುಗಿ ಹಾಗೆಯೇ ಮಿಟುಕಿಸಿದವೆಂದೂ, ಅಂಥವರ ಚಾಚಿದ ಕೈಯ ಬಳಿಗೆ ಹೆಚ್ಚಾಗಿ ಬಂದವೆಂದೂ ಕಂಡುಬಂದಿತು. ಊರಿಗೆ ಹೊರಡುವ ಹಿಂದಿನ ದಿನ ಉಟ್ಟ ಹತ್ತಿ ಸೀರೆಯನ್ನು ಒಗೆಯದೆ ಬೆಕ್ಕಿನ ಬುಟ್ಟಿಯಲ್ಲಿ ಹಾಸಿ ಹೋಗುತ್ತೇನೆ, ಬಂದೊಡನೆ ಚೀಲವನ್ನು ಬಾಯಿ ತೆರೆದು ನೆಲದ ಮೇಲಿಟ್ಟು ಮೂಸಲು ಬಿಡುತ್ತೇನೆ, ಸ್ನಾನ ಮುಗಿಸಿ ಮನೆಯ ಹಳೆಯ ಸೀರೆ ಉಟ್ಟ ಮೇಲೆಯೇ ಬೆಕ್ಕನ್ನು ಮುಟ್ಟುತ್ತೇನೆ. ಬುಟ್ಟಿಯಲ್ಲಿರುವ ಆ ಹತ್ತಿ ಸೀರೆಯನ್ನು ನನ್ನನ್ನು ಕೇಳದೆ ಯಾರೂ ಒಗೆಯಲು ಹಾಕಬಾರದೆಂದು ನಮ್ಮ ಮನೆಯಲ್ಲಿ ಕಟ್ಟಪ್ಪಣೆಯಿದೆ.